ಪ್ಲಾಟಿನಂ ನ್ಯಾನೊಕಣಗಳೂ ಆಮ್ಲಜನಕದ ಅಪಕರ್ಷಣವೂ: ‘ಎಷ್ಟು ಪಟ್ಟು’ ಎಂಬ ಅಳತೆಯ ವಿಮರ್ಶೆ

ಇಂಧನ ಕೋಶದಲ್ಲಿ ಆಮ್ಲಜನಕವನ್ನು ನೀರಾಗಿ ಪರಿವರ್ತಿಸುವ ಪ್ಲಾಟಿನಂ ನ್ಯಾನೊಕಣಗಳನ್ನು ಕುರಿತು ಕಳೆದ ಎರಡು ದಶಕಗಳಲ್ಲಿ ಪ್ರಕಟವಾಗಿರುವ ಲೇಖನಗಳ ರಾಶಿ ಬಹು ದೊಡ್ಡದು. ನಮ್ಮ ಕಾಲೇಜುಗಳ ಅಧ್ಯಾಪಕರೂ ಸ್ನಾತಕೋತ್ತರ ವಿದ್ಯಾರ್ಥಿಗಳೂ ಸಂಶೋಧನೆಗೆ ವಿಷಯವನ್ನು ಆರಿಸಿಕೊಳ್ಳುವಾಗ ಈ ರಾಶಿಯ ಕಡೆಗೆ ಕೈಚಾಚುವುದು ಸಹಜವೇ. ಆದರೆ ಅವರು ಅಲ್ಲಿಂದ ವಿಷಯವನ್ನು ಮಾತ್ರ ತರುವುದಿಲ್ಲ. ತಮ್ಮ ಕೆಲಸಕ್ಕೆ ಬೆಲೆ ಕಟ್ಟುವ ಅಳತೆಗೋಲನ್ನೂ ಜೊತೆಗೇ ಹೊತ್ತು ತರುತ್ತಾರೆ. ಆ ಅಳತೆಗೋಲು ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯುವುದಿಲ್ಲ ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ. ಕಣಗಳನ್ನು ತಯಾರಿಸುವ ವಿಧಾನಗಳ ಪರಿಚಯವನ್ನು ಇಲ್ಲಿ ಮಾಡುವುದಿಲ್ಲ. ಅದಕ್ಕೆ ಬೇರೆ ಗ್ರಂಥಗಳು ಬೇಕಾದಷ್ಟಿವೆ.

ವಿಷಯವನ್ನು ದೂರದಿಂದ ತರದೆ ನಮ್ಮ ಊರಿನಿಂದಲೇ ಆರಂಭಿಸಬಹುದು. ಮೈಸೂರು ನಗರದ ಉತ್ತರದ ಅಂಚಿನ ಕೆಸರೆಯಲ್ಲಿ ನಗರದ ಕೊಳೆನೀರನ್ನು ಶುದ್ಧಿಮಾಡುವ ಸ್ಥಾವರವೊಂದಿದೆ. ಅದರ ಸಾಮರ್ಥ್ಯ ದಿನಕ್ಕೆ ಮೂರು ಕೋಟಿ ಲೀಟರು. ಇಂಥ ಸ್ಥಾವರಗಳಲ್ಲಿ ನಿಜವಾದ ಕೆಲಸವನ್ನು ಮಾಡುವವು ಬ್ಯಾಕ್ಟೀರಿಯಗಳು. ಅವುಗಳ ಉಸಿರಿಗೆ ಬೇಕಾದ ಆಮ್ಲಜನಕ ನೀರಿನಲ್ಲಿ ಎಷ್ಟು ಕರಗಿದೆ ಎಂಬುದೇ ಅಲ್ಲಿನ ದಿನಚರಿಯ ಮುಖ್ಯ ಪ್ರಶ್ನೆ. ಮೈಸೂರಿನ ಎತ್ತರದಲ್ಲಿ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಶುದ್ಧ ಜಲವು ಗಾಳಿಯಿಂದ ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕವನ್ನು ಹೀರಿಕೊಳ್ಳಬಲ್ಲುದು. ಕೊಳೆನೀರಿನಲ್ಲಿ ಅದು ಸೊನ್ನೆಯವರೆಗೂ ಇಳಿಯುವುದುಂಟು. ಇದನ್ನು ಅಳೆಯಲು ವಿಂಕ್ಲರನ 1888ರ ವಿಧಾನವನ್ನು ನಮ್ಮ ಪ್ರಯೋಗಶಾಲೆಗಳಲ್ಲಿ ಇಂದಿಗೂ ಕಲಿಸುತ್ತೇವೆ. ಅದಲ್ಲದೆ ಲೀಲ್ಯಾಂಡ್ ಕ್ಲಾರ್ಕ್ ಎಂಬ ಅಮೆರಿಕದ ವಿಜ್ಞಾನಿ ರಕ್ತದ ಆಮ್ಲಜನಕವನ್ನು ಅಳೆಯುವುದಕ್ಕಾಗಿ ರೂಪಿಸಿ 1956ರಲ್ಲಿ ಪ್ರಕಟಿಸಿದ ವಿದ್ಯುದ್ವಾರವೂ ಇದೆ. ಪ್ಲಾಟಿನಂ ತಂತಿಯ ತುದಿ, ಅದರ ಮುಂದೆ ತೆಳುವಾದ ಪ್ಲಾಸ್ಟಿಕ್ ಪೊರೆ, ನಡುವೆ ಒಂದು ಹನಿ ಲವಣದ್ರಾವಣ, ಪಕ್ಕದಲ್ಲಿ ಬೆಳ್ಳಿಯ ವಿದ್ಯುದ್ವಾರ: ಉಪಕರಣವೆಂದರೆ ಇಷ್ಟೇ. ಪೊರೆಯನ್ನು ದಾಟಿ ಬಂದ ಆಮ್ಲಜನಕ ಪ್ಲಾಟಿನಂನ ಮೇಲೆ ಎಲೆಕ್ಟ್ರಾನುಗಳನ್ನು ಪಡೆದು ಅಪಕರ್ಷಣ ಹೊಂದುತ್ತದೆ. ಹರಿಯುವ ವಿದ್ಯುತ್ತು ಆಮ್ಲಜನಕದ ಪ್ರಮಾಣವನ್ನು ಹೇಳುತ್ತದೆ.

ಇಲ್ಲಿ ಪರಿಭಾಷೆಯ ಬಗ್ಗೆ ಒಂದು ಮಾತು. ‘ಅಪಕರ್ಷಣ’ ಎಂಬ ನಮ್ಮ ಪಠ್ಯಪುಸ್ತಕದ ಶಬ್ದ ವಿದ್ಯಾರ್ಥಿಗಳನ್ನು ದಾರಿತಪ್ಪಿಸುವುದನ್ನು ನಾವು ಕಂಡಿದ್ದೇವೆ. ಕೊಳೆನೀರಿನಲ್ಲಿ ಆಮ್ಲಜನಕ ಕಡಿಮೆಯಾಗುವುದನ್ನೇ ಆಮ್ಲಜನಕದ ಅಪಕರ್ಷಣವೆಂದು ಬರೆದ ಉತ್ತರಪತ್ರಿಕೆಗಳುಂಟು. ಅದು ಪೂರ್ತಿ ವಿದ್ಯಾರ್ಥಿಯ ತಪ್ಪೂ ಅಲ್ಲ. ‘ಆಮ್ಲಜನಕ’ ಎಂಬ ಹೆಸರಾದರೂ ಎಲ್ಲ ಆಮ್ಲಗಳಿಗೂ ಈ ವಾಯುವೇ ಮೂಲವೆಂದು ಲಾವೋಸಿಯೆ ತಪ್ಪಾಗಿ ತಿಳಿದದ್ದರ ಭಾಷಾಂತರವೇ ತಾನೆ? ರೂಢಿಯಾದ ಶಬ್ದಗಳನ್ನು ಕೀಳುವುದು ನಮ್ಮಿಂದಾಗದು. ಎಲೆಕ್ಟ್ರಾನುಗಳನ್ನು ಸ್ವೀಕರಿಸುವುದು ಎಂಬ ಅರ್ಥದಲ್ಲಿ ಮಾತ್ರ ಈ ಶಬ್ದವನ್ನು ಇಲ್ಲಿ ಬಳಸಿದೆ.

ಕ್ಲಾರ್ಕನ ವಿದ್ಯುದ್ವಾರದಲ್ಲಿ ನಮ್ಮ ವಿಚಾರಕ್ಕೆ ಬಹಳ ಮುಖ್ಯವಾದ ಒಂದು ಸಂಗತಿ ಅಡಗಿದೆ. ಅಲ್ಲಿ ಪ್ಲಾಟಿನಂಗೆ ಎಷ್ಟು ಋಣ ವಿಭವವನ್ನು ಕೊಟ್ಟಿರುತ್ತಾರೆಂದರೆ, ಅದರ ಮೇಲ್ಮೈಯನ್ನು ಮುಟ್ಟಿದ ಪ್ರತಿಯೊಂದು ಅಣುವೂ ತಡವಿಲ್ಲದೆ ಕ್ರಿಯೆಗೊಳಗಾಗುತ್ತದೆ. ಆದುದರಿಂದ ವಿದ್ಯುತ್ತಿನ ಪ್ರಮಾಣವನ್ನು ನಿರ್ಧರಿಸುವುದು ಪ್ಲಾಟಿನಂನ ಪಟುತ್ವವಲ್ಲ. ಪೊರೆಯ ಮೂಲಕ ಆಮ್ಲಜನಕವು ವಿಸರಣೆಯಿಂದ ಒಳಬರುವ ವೇಗ. ಪ್ಲಾಟಿನಂ ಇನ್ನೂ ಹತ್ತು ಪಟ್ಟು ಪಟುವಾಗಿದ್ದರೂ ಉಪಕರಣದ ಮುಳ್ಳು ಕದಲದು. ಅದರ ಜಾಗದಲ್ಲಿ ಚಿನ್ನವನ್ನಿಟ್ಟರೂ ಕೆಲಸ ನಡೆಯುತ್ತದೆ. ಅನೇಕ ಉಪಕರಣಗಳಲ್ಲಿ ಇಟ್ಟೂ ಇದ್ದಾರೆ. ಹಾಗಾದರೆ ಕ್ರಿಯಾವರ್ಧಕದ ಗುಣ ಎಲ್ಲಿ ಎದ್ದು ಕಾಣುತ್ತದೆ, ಎಲ್ಲಿ ಮುಚ್ಚಿಹೋಗುತ್ತದೆ? ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಇಂಧನ ಕೋಶದ ಸಾಹಿತ್ಯವನ್ನು ಓದಿದರೆ ಅದರ ಬಲವೂ ದೌರ್ಬಲ್ಯವೂ ಒಟ್ಟಿಗೆ ತೋರುತ್ತವೆ.

ಇಂಧನ ಕೋಶದಲ್ಲಿ ಉದ್ದೇಶವೇ ಬೇರೆ. ಅಲ್ಲಿ ಆಮ್ಲಜನಕವನ್ನು ಎಣಿಸಬೇಕಾಗಿಲ್ಲ; ಅದರ ಅಪಕರ್ಷಣದಿಂದ ಸಾಧ್ಯವಾದಷ್ಟು ಹೆಚ್ಚಿನ ವಿಭವದಲ್ಲಿ ವಿದ್ಯುತ್ತನ್ನು ಪಡೆಯಬೇಕು. ಜಲಜನಕ ಆಮ್ಲಜನಕಗಳು ಕೂಡಿ ನೀರಾಗುವಾಗ ಸಿದ್ಧಾಂತದ ಪ್ರಕಾರ ದೊರೆಯಬೇಕಾದದ್ದು 1.23 ವೋಲ್ಟ್. ಅತ್ಯುತ್ತಮವಾದ ಪ್ಲಾಟಿನಂನ ಮೇಲೂ ಇದರಲ್ಲಿ 0.3ರಿಂದ 0.4 ವೋಲ್ಟ್ ಆಮ್ಲಜನಕದ ಕಡೆಯ ವಿದ್ಯುದ್ವಾರದಲ್ಲೇ ನಷ್ಟವಾಗುತ್ತದೆ. ನಾಲ್ಕು ಎಲೆಕ್ಟ್ರಾನುಗಳೂ ನಾಲ್ಕು ಪ್ರೋಟಾನುಗಳೂ ಒಂದು ಅಣುವಿಗೆ ಸೇರಬೇಕು. ಎರಡು ಆಮ್ಲಜನಕ ಪರಮಾಣುಗಳ ನಡುವಣ ಬಂಧ ಮುರಿಯಬೇಕು. ಬಂಧ ಮುರಿಯದೆ ಎರಡೇ ಎಲೆಕ್ಟ್ರಾನುಗಳು ಸೇರಿದರೆ ಹುಟ್ಟುವುದು ಹೈಡ್ರೋಜನ್ ಪೆರಾಕ್ಸೈಡ್. ಅದು ವಿದ್ಯುತ್ತನ್ನೂ ಕಡಿಮೆಮಾಡಿ ಕೋಶದ ಪೊರೆಯನ್ನೂ ತಿನ್ನುತ್ತದೆ. ಪ್ಲಾಟಿನಂ ಈ ಕೆಲಸಕ್ಕೆ ಏಕೆ ಒಳ್ಳೆಯದು, ಒಳ್ಳೆಯದಾಗಿಯೂ ಏಕೆ ಪೂರ್ಣವಲ್ಲ ಎಂಬುದನ್ನು ನೋರ್ಸ್ಕೋವ್ ಮತ್ತು ಸಂಗಡಿಗರು 2004ರಲ್ಲಿ ಗಣನೆಯಿಂದ ವಿಶದಪಡಿಸಿದರು. ಪ್ಲಾಟಿನಂ ಆಮ್ಲಜನಕದ ತುಣುಕುಗಳನ್ನು ಬೇಕಾದುದಕ್ಕಿಂತ ತುಸು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆ ಹಿಡಿತ ಸ್ವಲ್ಪ ಸಡಿಲಿದರೆ ಕ್ರಿಯೆ ಚುರುಕಾಗುತ್ತದೆ. ನಿಕ್ಕಲ್, ಕೋಬಾಲ್ಟ್, ಕಬ್ಬಿಣಗಳನ್ನು ಪ್ಲಾಟಿನಂಗೆ ಬೆರೆಸುವ ಉದ್ಯಮಕ್ಕೆಲ್ಲ ಇದೇ ತಾತ್ತ್ವಿಕ ಆಧಾರ.

ಕಣಗಳನ್ನು ಏಕೆ ಇಷ್ಟು ಚಿಕ್ಕದಾಗಿ ಮಾಡಬೇಕು ಎಂಬುದಕ್ಕೆ ಶಾಲೆಯ ಗಣಿತವೇ ಸಾಕು. ಪ್ಲಾಟಿನಂನ ಸಾಂದ್ರತೆ ಘನ ಸೆಂಟಿಮೀಟರಿಗೆ 21.45 ಗ್ರಾಂ. ಒಂದು ಗ್ರಾಮನ್ನು 3 ನ್ಯಾನೊಮೀಟರು ವ್ಯಾಸದ ಗುಂಡುಗಳನ್ನಾಗಿ ಮಾಡಿದರೆ ಒಟ್ಟು ಮೇಲ್ಮೈ ಸುಮಾರು 93 ಚದರ ಮೀಟರು. ವ್ಯಾಸ 5 ಆದರೆ 56ಕ್ಕೆ ಇಳಿಯುತ್ತದೆ. ಹಾಗೆಂದು ಕಣವನ್ನು ಚಿಕ್ಕದು ಮಾಡುತ್ತಲೇ ಹೋಗುವಂತಿಲ್ಲ. ತೀರ ಚಿಕ್ಕ ಕಣದಲ್ಲಿ ಅಂಚು ಮೂಲೆಗಳ ಪರಮಾಣುಗಳೇ ಹೆಚ್ಚಾಗಿ, ಅವು ಆಮ್ಲಜನಕವನ್ನು ಇನ್ನೂ ಬಿಗಿಯಾಗಿ ಹಿಡಿದು, ಒಂದೊಂದು ಚದರ ಸೆಂಟಿಮೀಟರಿನ ಪಟುತ್ವ ತಗ್ಗುತ್ತದೆ. ಈ ಲೋಹದ ಬಹುಭಾಗ ದಕ್ಷಿಣ ಆಫ್ರಿಕಾದಿಂದ ಬರುತ್ತದೆಂಬುದನ್ನು ನೆನೆದರೆ ಗ್ರಾಮಿನ ಲೆಕ್ಕ ಏಕೆ ಇಷ್ಟು ಮುಖ್ಯವೆಂಬುದು ತಿಳಿಯುತ್ತದೆ. ನಮ್ಮ ನಾಡಿನಲ್ಲಿ ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ಶಿಲೆಗಳಲ್ಲಿ ಪ್ಲಾಟಿನಂ ವರ್ಗದ ಲೋಹಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರಾದರೂ, ಅದನ್ನು ನೆಚ್ಚಿಕೊಂಡು ಯಾರೂ ಇಂಧನ ಕೋಶದ ಯೋಜನೆ ಹಾಕುವಂತಿಲ್ಲ.

ಇನ್ನು ಪ್ರಸಿದ್ಧವಾದ ಕೃತಿಗಳಿಗೆ ಬರೋಣ. ಸ್ಟಾಮೆಂಕೋವಿಚ್, ಮಾರ್ಕೋವಿಚ್ ಮತ್ತು ಸಹೋದ್ಯೋಗಿಗಳು 2007ರಲ್ಲಿ, ಮೂರು ಭಾಗ ಪ್ಲಾಟಿನಂ ಒಂದು ಭಾಗ ನಿಕ್ಕಲ್ ಇರುವ ಏಕಸ್ಫಟಿಕದ ಒಂದು ಮುಖವು ಅದೇ ಬಗೆಯ ಶುದ್ಧ ಪ್ಲಾಟಿನಂ ಮುಖಕ್ಕಿಂತ ಹತ್ತು ಪಟ್ಟು, ಇಂಗಾಲದ ಮೇಲೆ ಹರಡಿದ ವಾಡಿಕೆಯ ಪ್ಲಾಟಿನಂಗಿಂತ ತೊಂಬತ್ತು ಪಟ್ಟು ಪಟುವೆಂದು ತೋರಿಸಿದರು. 2014ರಲ್ಲಿ ಅದೇ ಮಿಶ್ರಲೋಹದ ಟೊಳ್ಳಾದ ಚೌಕಟ್ಟುಗಳು ಬಂದವು. ಪ್ಲಾಟಿನಂನ ತೂಕಕ್ಕೆ ಲೆಕ್ಕಹಾಕಿದರೆ ಮೂವತ್ತಾರು ಪಟ್ಟು. 2016ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ತಂಡ ಗರಗಸದಂತೆ ಮೊನಚಾದ ಪ್ಲಾಟಿನಂ ನ್ಯಾನೊತಂತಿಗಳಿಂದ 0.9 ವೋಲ್ಟಿನಲ್ಲಿ ಮಿಲಿಗ್ರಾಮಿಗೆ 13.6 ಆಂಪಿಯರನ್ನು ಪಡೆಯಿತು. ವಾಡಿಕೆಯ ಕಣಗಳಿಂದ ಇಲ್ಲಿ ದೊರೆಯುವುದು 0.2ರಿಂದ 0.3. ಇವು ಸಾಮಾನ್ಯ ಸಾಧನೆಗಳಲ್ಲ. ವಿಶೇಷವಾಗಿ 2007ರ ಲೇಖನ, ಮೇಲ್ಮೈಯ ಪರಮಾಣುಗಳ ವಿನ್ಯಾಸಕ್ಕೂ ಪಟುತ್ವಕ್ಕೂ ಇರುವ ಸಂಬಂಧವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ಕೃತಿ. ಅದನ್ನು ಓದದ ವಿದ್ಯಾರ್ಥಿ ಈ ಕ್ಷೇತ್ರಕ್ಕೆ ಕಾಲಿಡಬಾರದು. ನಮ್ಮ ಆಕ್ಷೇಪಣೆ ಈ ಕೃತಿಗಳ ಮೇಲಲ್ಲ. ಅವುಗಳಿಂದ ‘ಪಟ್ಟು’ ಎಂಬ ಸಂಖ್ಯೆಯೊಂದನ್ನೇ ಕಿತ್ತು ತೆಗೆದು, ಅದನ್ನೇ ಎಲ್ಲ ಕೆಲಸಗಳ ಯೋಗ್ಯತೆಯ ಅಳತೆಯಾಗಿ ಮಾಡಿಕೊಂಡ ಅನುಯಾಯಿಗಳ ವಾಡಿಕೆಯ ಮೇಲೆ.

ಅಮೆರಿಕದ ಇಂಧನ ಇಲಾಖೆ ಕೋಶದ ಒಳಗೆ ಸಾಧಿಸಬೇಕೆಂದು ಇಟ್ಟ ಗುರಿ ಮಿಲಿಗ್ರಾಮಿಗೆ 0.44 ಆಂಪಿಯರ್. ಚುರುಕಾದ ವಿದ್ಯಾರ್ಥಿಯೊಬ್ಬ ಕೇಳಿಯಾನು: 13.6 ದೊರೆತ ಮೇಲೆ 0.44ರ ಗುರಿಗೆ ಏನರ್ಥ? ಈ ಪ್ರಶ್ನೆಗೆ ಉತ್ತರ ಹೇಳಲಾರದ ಅಧ್ಯಾಪಕ ಈ ವಿಷಯವನ್ನು ಕಲಿಸಲಾರನೆಂದೇ ನಮ್ಮ ಮತ. ಉತ್ತರವಿರುವುದು ಎರಡು ಸಂಖ್ಯೆಗಳನ್ನು ಅಳೆದ ಸ್ಥಳಗಳ ಅಂತರದಲ್ಲಿ.

ಮೊದಲನೆಯದನ್ನು ಅಳೆಯುವುದು ತಿರುಗುವ ಬಿಲ್ಲೆಯ ವಿದ್ಯುದ್ವಾರದ ಮೇಲೆ. ಗಾಜಿನಂತೆ ನುಣುಪಾದ ಇಂಗಾಲದ ಬಿಲ್ಲೆಗೆ ಕ್ರಿಯಾವರ್ಧಕವನ್ನು ತೆಳುವಾಗಿ ಬಳಿದು, ಆಮ್ಲಜನಕ ತುಂಬಿದ ದುರ್ಬಲ ಪರ್‌ಕ್ಲೋರಿಕ್ ಆಮ್ಲದಲ್ಲಿ ಮುಳುಗಿಸಿ, ನಿಮಿಷಕ್ಕೆ 1600 ಸುತ್ತು ತಿರುಗಿಸುತ್ತಾರೆ. ಕ್ಲಾರ್ಕನ ಪೊರೆಯ ಜಾಗದಲ್ಲಿ ಇಲ್ಲಿ ದ್ರಾವಣದ ತೆಳುಪದರವೇ ವಿಸರಣೆಗೆ ಮಿತಿ ಹಾಕುತ್ತದೆ. ಮಿತಿ ಪ್ರವಾಹ ಚದರ ಸೆಂಟಿಮೀಟರಿಗೆ ಸುಮಾರು 6 ಮಿಲಿ ಆಂಪಿಯರ್. ಇಂಧನ ಕೋಶವಾದರೋ ಅಷ್ಟೇ ವಿಸ್ತೀರ್ಣದಿಂದ ಒಂದು, ಎರಡು ಆಂಪಿಯರನ್ನು ಕೊಡಬೇಕು. ಬಿಲ್ಲೆಗೆ ಬಳಿಯುವ ಲೋಹ ಕಡಿಮೆಯೆಂಬುದನ್ನು ಲೆಕ್ಕಕ್ಕೆ ತಂದುಕೊಂಡರೂ, ಕೋಶದಲ್ಲಿ ಪ್ರತಿ ಮಿಲಿಗ್ರಾಂ ಹೊರಬೇಕಾದ ಹೊರೆಯನ್ನು ಬಿಲ್ಲೆ ಎಂದೂ ಕಂಡಿರುವುದಿಲ್ಲ. ಆದುದರಿಂದಲೇ ವಿಸರಣೆಯ ಪ್ರಭಾವವನ್ನು ಗಣಿತದಿಂದ ಕಳೆದು, ವಿಸರಣೆಯೇ ಇಲ್ಲದಿದ್ದರೆ ಎಷ್ಟು ಹರಿಯುತ್ತಿತ್ತು ಎಂಬ ‘ಚಲನ ಪ್ರವಾಹ’ವನ್ನು ಊಹಿಸುತ್ತಾರೆ. ಅಳೆದ ಪ್ರವಾಹವನ್ನು ಮಿತಿ ಪ್ರವಾಹದಿಂದ ಗುಣಿಸಿ, ಎರಡರ ವ್ಯತ್ಯಾಸದಿಂದ ಭಾಗಿಸುವುದು ಇದರ ಕ್ರಮ.

ಈ ಭಾಗಾಕಾರದಲ್ಲೇ ಅಪಾಯವಿದೆ. ಮಿತಿ ಪ್ರವಾಹ 6 ಇರಲಿ. ಅಳೆದ ಪ್ರವಾಹ 3 ಆದರೆ ಚಲನ ಪ್ರವಾಹ 6. ಇಲ್ಲಿ ಅಳತೆ ಸ್ವಲ್ಪ ತಪ್ಪಿದರೂ ಬಾಧಕವಿಲ್ಲ. ಕ್ರಿಯಾವರ್ಧಕ ಬಹು ಪಟುವಾಗಿ ಅಳೆದ ಪ್ರವಾಹ 5.7 ಆಯಿತೆನ್ನಿ; ಚಲನ ಪ್ರವಾಹ 114. ಅದೇ 5.8 ಆದರೆ 174. ನೂರಕ್ಕೆ ಎರಡರಷ್ಟೂ ಇಲ್ಲದ ವ್ಯತ್ಯಾಸ ಫಲಿತಾಂಶವನ್ನು ಒಂದೂವರೆ ಪಟ್ಟು ಮಾಡಿತು! ಲೇಪನದ ಒರಟುತನ, ದ್ರಾವಣದ ರೋಧಕ್ಕೆ ಮಾಡಿದ ತಿದ್ದುಪಡಿ, ಆಕರ ವಿದ್ಯುದ್ವಾರದ ಕೆಲವು ಮಿಲಿವೋಲ್ಟು ದೋಷ: ಇವುಗಳಲ್ಲಿ ಯಾವುದಾದರೊಂದು ಸಾಕು ಈ ವ್ಯತ್ಯಾಸವನ್ನು ಉಂಟುಮಾಡಲು. ಕ್ರಿಯಾವರ್ಧಕ ಉತ್ತಮವಾದಷ್ಟೂ ಅಳತೆ ಅವಿಶ್ವಾಸಾರ್ಹವಾಗುವ ವಿಚಿತ್ರ ಪರಿಸ್ಥಿತಿಯಿದು. ಎಚ್ಚರವುಳ್ಳವರು ಲೇಪನವನ್ನು ತೆಳುಗೊಳಿಸುತ್ತಾರೆ, ಇಲ್ಲವೇ 0.95 ವೋಲ್ಟಿನಲ್ಲಿ ಓದುತ್ತಾರೆ. ಎಚ್ಚರವಿಲ್ಲದವರು ಮಿತಿಯ ಅಂಚಿನಲ್ಲಿ ನಿಂತು ದೊಡ್ಡ ಸಂಖ್ಯೆಯನ್ನು ಪ್ರಕಟಿಸುತ್ತಾರೆ. ‘ಪಟ್ಟು’ ಎಂಬುದರ ಛೇದದಲ್ಲಿ ಕೂರುವ ವಾಡಿಕೆಯ ಪ್ಲಾಟಿನಂನ ಲೇಪನವನ್ನು ಅಸಡ್ಡೆಯಿಂದ ಮಾಡಿದ್ದರಂತೂ ಗೆಲುವು ಇನ್ನೂ ಸುಲಭ. ಎದುರಾಳಿಯನ್ನು ಉಪವಾಸ ಕೆಡವಿ ಕುಸ್ತಿಗಿಳಿದಂತೆ.

ಗಣಿತ ಸರಿಯಾಗಿದ್ದರೂ ಪ್ರಶ್ನೆ ಮುಗಿಯದು. ಬಿಲ್ಲೆಯ ಸುತ್ತ ಇರುವ ಪರ್‌ಕ್ಲೋರಿಕ್ ಆಮ್ಲದ ಋಣ ಅಯಾನುಗಳು ಪ್ಲಾಟಿನಂಗೆ ಬಹುಮಟ್ಟಿಗೆ ಅಂಟುವುದಿಲ್ಲ. ಕೋಶದಲ್ಲಿ ಪ್ಲಾಟಿನಂನ ಸುತ್ತ ಇರುವುದು ಸಲ್ಫೋನೇಟ್ ಗುಂಪುಗಳುಳ್ಳ ಪಾಲಿಮರು, ಅವು ಅಂಟುತ್ತವೆ. ಅಲ್ಲಿ ಆಮ್ಲಜನಕ ಆ ಪಾಲಿಮರಿನ ಪದರವನ್ನು ತೂರಿ ಬರಬೇಕು. ಹುಟ್ಟಿದ ನೀರು ರಂಧ್ರಗಳನ್ನು ತುಂಬಿಬಿಡದೆ ಹೊರಹೋಗಬೇಕು. ಹೆಚ್ಚಿನ ಪ್ರವಾಹದಲ್ಲಿ, ಅಂದರೆ 0.6, 0.7 ವೋಲ್ಟಿನ ಸುತ್ತಮುತ್ತ, ವಾಹನ ನಿಜವಾಗಿ ಓಡುವ ಸ್ಥಿತಿಯಲ್ಲಿ, ಕ್ಲಾರ್ಕನ ಪೊರೆಯ ನ್ಯಾಯವೇ ಮತ್ತೆ ಬಲಗೊಳ್ಳುತ್ತದೆ. ಲೋಹದ ಪಟುತ್ವ ಹಿಂದೆ ಸರಿದು, ಬರುವ ಹೋಗುವ ದಾರಿಗಳು ಮುಂದೆ ಬರುತ್ತವೆ. ಬಿಲ್ಲೆಯ ಮೇಲೆ ಹತ್ತಾರು ಪಟ್ಟು ಮೆರೆದ ವಿಚಿತ್ರಾಕೃತಿಯ ಕಣಗಳು ಕೋಶದಲ್ಲಿ ಅದರ ಅಲ್ಪಾಂಶವನ್ನೇ ತೋರಿದ್ದು ಇದರಿಂದಲೇ. ಔಚಿತ್ಯವೇ ಕಾವ್ಯದ ಜೀವಿತವೆಂದ ಕ್ಷೇಮೇಂದ್ರನು ಅಲಂಕಾರವು ತನ್ನ ಸ್ಥಾನದಲ್ಲಿದ್ದರೆ ಮಾತ್ರ ಅಲಂಕಾರವೆಂದು ವಾದಿಸಿದನು. ಗುಣವನ್ನು ಸ್ಥಾನದಿಂದ ಬೇರ್ಪಡಿಸಿ ನೋಡಬಾರದೆಂಬ ಈ ವಿವೇಕ ರಸಾಯನ ವಿಜ್ಞಾನಕ್ಕೂ ಪರಕೀಯವಲ್ಲ.

ಕಾಲದ ಪ್ರಶ್ನೆಯನ್ನು ಇನ್ನೂ ಎತ್ತಿಲ್ಲ. ವಿಭವ ಏರಿಳಿದಂತೆಲ್ಲ ಪ್ಲಾಟಿನಂ ಅಷ್ಟಷ್ಟೇ ಕರಗಿ, ಚಿಕ್ಕ ಕಣಗಳಿಂದ ದೊಡ್ಡ ಕಣಗಳಿಗೆ ಸೇರುತ್ತದೆ. 3 ನ್ಯಾನೊಮೀಟರಿನ ಕಣ 5 ಆದರೆ ಮೇಲ್ಮೈಯಲ್ಲಿ ಐದರಲ್ಲಿ ಎರಡು ಪಾಲು ಹೋದಂತೆ. ಆಧಾರವಾದ ಇಂಗಾಲ ತಾನೇ ಸವೆಯುತ್ತದೆ. ಬೆರೆಸಿದ ನಿಕ್ಕಲ್ ಕೋಬಾಲ್ಟುಗಳು ಕರಗಿ ಪಾಲಿಮರಿನಲ್ಲಿ ಪ್ರೋಟಾನುಗಳ ಜಾಗವನ್ನು ಆಕ್ರಮಿಸುತ್ತವೆ. ಕಬ್ಬಿಣವಾದರೆ ಪೆರಾಕ್ಸೈಡಿನೊಡನೆ ಸೇರಿ ಪೊರೆಗೇ ಕೇಡು. ಇದಕ್ಕಾಗಿ ವಿಧಿಸಿರುವ ಪರೀಕ್ಷೆ 0.6 ಮತ್ತು 0.95 ವೋಲ್ಟುಗಳ ನಡುವೆ 30,000 ಆವರ್ತಗಳು. ಟೊಯೋಟಾ ಸಂಸ್ಥೆ 2014ರ ಕೊನೆಯಲ್ಲಿ ಮಾರಾಟಕ್ಕಿಟ್ಟ ಮಿರಾಯ್ ಕಾರಿನ ಕೋಶದಲ್ಲಿ ಚೌಕಟ್ಟುಗಳೂ ಇರಲಿಲ್ಲ, ಗರಗಸದ ತಂತಿಗಳೂ ಇರಲಿಲ್ಲ. ಇಂಗಾಲದ ಮೇಲೆ ಹರಡಿದ ಪ್ಲಾಟಿನಂ-ಕೋಬಾಲ್ಟ್ ಕಣಗಳಿದ್ದವು. ಬಿಡದಿಯಲ್ಲಿ ಕಾರ್ಖಾನೆಯುಳ್ಳ ಟೊಯೋಟಾ ಕಿರ್ಲೋಸ್ಕರ್ 2022ರ ಮಾರ್ಚ್ ತಿಂಗಳಲ್ಲಿ ಈ ದೇಶದ ರಸ್ತೆಗಳಲ್ಲಿ ಪರೀಕ್ಷೆಗೆಂದು ತಂದದ್ದೂ ಮಿರಾಯ್ ಕಾರನ್ನೇ.

ಬೇರೆ ಬಗೆಯ ಪ್ರಶ್ನೆ ಕೇಳಿದವರು ನಮ್ಮ ನಾಡಿನಲ್ಲೇ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಕೆ. ಶುಕ್ಲ ಮತ್ತು ಸಂಗಡಿಗರು 2004ರಲ್ಲಿ ಪ್ಲಾಟಿನಂ-ಕಬ್ಬಿಣ ಮಿಶ್ರಲೋಹವನ್ನು ಕುರಿತು ಪ್ರಕಟಿಸಿದ ಕೆಲಸವನ್ನು ನೋಡಬಹುದು. ಮೆಥನಾಲ್ ಇಂಧನದ ಕೋಶದಲ್ಲಿ ಮೆಥನಾಲ್ ಪೊರೆಯನ್ನು ದಾಟಿ ಆಮ್ಲಜನಕದ ಕಡೆಗೆ ಬಂದು, ಅಲ್ಲಿನ ಪ್ಲಾಟಿನಂನ ಮೇಲೆ ಉರಿದು, ವಿಭವವನ್ನು ತಗ್ಗಿಸುತ್ತದೆ. ಹಾಗಾದರೆ ಮೆಥನಾಲನ್ನು ಕಡೆಗಣಿಸಿ ಆಮ್ಲಜನಕವನ್ನು ಮಾತ್ರ ಕ್ರಿಯೆಗೊಳಪಡಿಸುವ ಮೇಲ್ಮೈ ಯಾವುದು? ಇದು ಕೋಶದಿಂದಲೇ ಹುಟ್ಟಿದ ಪ್ರಶ್ನೆ. ಇದಕ್ಕೆ ‘ಎಷ್ಟು ಪಟ್ಟು’ ಎಂಬುದು ಉತ್ತರವಾಗಲಾರದು. ಕಬ್ಬಿಣ ಕರಗುವ ದೋಷ ಈ ಮಿಶ್ರಲೋಹಕ್ಕೂ ತಪ್ಪಿದ್ದಲ್ಲ ಎಂಬುದನ್ನು ಒಪ್ಪಿಯೂ, ಪ್ರಶ್ನೆಯ ಔಚಿತ್ಯಕ್ಕಾಗಿ ಈ ಕೆಲಸವನ್ನು ನಾವು ಮೇಲಿಡುತ್ತೇವೆ.

ಅದೇ ಸಂಸ್ಥೆಯ ಎಂ. ಎಸ್. ಹೆಗ್ಡೆಯವರು ಇನ್ನೂ ಮೂಲಭೂತವಾದ ಸಂದೇಹವನ್ನು ಎತ್ತಿದರು: ಪ್ಲಾಟಿನಂ ಲೋಹದ ಕಣವಾಗಿಯೇ ಇರಬೇಕೆ? ಕೆ. ಸಿ. ಪಾಟೀಲರು 1988ರಲ್ಲಿ ಪ್ರಸಿದ್ಧಿಗೆ ತಂದ ದ್ರಾವಣ ದಹನ ವಿಧಾನದಲ್ಲಿ ಲೋಹಗಳ ನೈಟ್ರೇಟುಗಳನ್ನೂ ಯೂರಿಯದಂಥ ಇಂಧನವನ್ನೂ ನೀರಿನಲ್ಲಿ ಕರಗಿಸಿ ಕುಲುಮೆಯಲ್ಲಿಟ್ಟರೆ, ದ್ರಾವಣ ಉಬ್ಬಿ ತಾನೇ ಹೊತ್ತಿಕೊಂಡು, ಕೆಲವೇ ನಿಮಿಷಗಳಲ್ಲಿ ನಯವಾದ ಆಕ್ಸೈಡ್ ಪುಡಿ ದೊರೆಯುತ್ತದೆ. ದುಬಾರಿ ಉಪಕರಣ ಬೇಡದ ಈ ವಿಧಾನ ನಮ್ಮ ಕಾಲೇಜುಗಳಿಗೆ ಹೇಳಿಮಾಡಿಸಿದಂತಿದೆ. ಇದರಿಂದ ಸೀರಿಯಂ ಆಕ್ಸೈಡಿನ ಜಾಲದೊಳಗೆ ಪ್ಲಾಟಿನಂ ಅಯಾನುಗಳನ್ನು ಒಂದೊಂದಾಗಿ ನೆಲೆಗೊಳಿಸಿ, ವಾಹನಗಳ ಹೊಗೆಯನ್ನು ಶುದ್ಧಿಮಾಡುವಂಥ ಕ್ರಿಯೆಗಳಲ್ಲಿ ಅವು ಲೋಹಕಣಗಳನ್ನು ಮೀರಿಸುವುದನ್ನು ಹೆಗ್ಡೆಯವರೂ ಅವರ ಶಿಷ್ಯರೂ ತೋರಿಸಿದರು. 2009ರಲ್ಲಿ ಈ ಕೆಲಸದ ಸಮೀಕ್ಷೆಯೂ ಬಂದಿತು. ಪ್ರತಿಯೊಂದು ಪರಮಾಣುವೂ ಕೆಲಸಮಾಡುವುದರಿಂದ ಇದಕ್ಕಿಂತ ಮಿತವ್ಯಯ ಬೇರಿಲ್ಲ. ಆದರೆ ಇಲ್ಲಿಯೂ ಸ್ಥಾನವನ್ನು ಮರೆಯುವಂತಿಲ್ಲ. ಆಮ್ಲಜನಕದ ಬಂಧವನ್ನು ಮುರಿಯಲು ಸಾಮಾನ್ಯವಾಗಿ ನೆರೆಹೊರೆಯ ಎರಡು ಪ್ಲಾಟಿನಂ ಪರಮಾಣುಗಳ ಸಹಾಯ ಬೇಕು. ಒಂಟಿ ಪರಮಾಣುಗಳ ಮೇಲೆ ಕ್ರಿಯೆ ಬಹುಮಟ್ಟಿಗೆ ಪೆರಾಕ್ಸೈಡಿನಲ್ಲೇ ನಿಂತುಬಿಡುವುದನ್ನು ಇಂಗಾಲದ ಮೇಲೂ ಟೈಟೇನಿಯಂ ನೈಟ್ರೈಡಿನ ಮೇಲೂ 2016ರ ಪ್ರಯೋಗಗಳು ತೋರಿಸಿವೆ. ಹೊಗೆಯ ಶುದ್ಧಿಗೆ ಒಪ್ಪಿದ್ದು ಇಂಧನ ಕೋಶಕ್ಕೆ ತಾನಾಗಿ ಒಪ್ಪುವುದಿಲ್ಲ. ಪೆರಾಕ್ಸೈಡೇ ಬೇಕಾದವನಿಗೆ ಮಾತ್ರ ಅದೇ ದೋಷ ಗುಣವಾದೀತು.

ಕೆಲವು ವರ್ಷಗಳ ಹಿಂದೆ ನಾವು ಭಾಗವಹಿಸಿದ್ದ ಒಂದು ಮೌಖಿಕ ಪರೀಕ್ಷೆ ನೆನಪಿಗೆ ಬರುತ್ತದೆ. ಅಭ್ಯರ್ಥಿ ಹಳ್ಳಿಯಿಂದ ಬಂದ ಹೆಣ್ಣುಮಗಳು. ಆಕೆ ತಯಾರಿಸಿದ್ದ ಕಣಗಳು ವಾಡಿಕೆಯ ಪ್ಲಾಟಿನಂಗಿಂತ ಅಷ್ಟೇನೂ ಪಟುವಾಗಿರಲಿಲ್ಲ. ಆದರೆ ಸಾವಿರಾರು ಆವರ್ತಗಳ ಮೇಲೂ ಅವುಗಳ ಮೇಲ್ಮೈ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ, “ಎಷ್ಟು ಪಟ್ಟು?” ಎಂದು. ಆಕೆ ಸಂಕೋಚದಿಂದ, “ಎರಡು ಪಟ್ಟೂ ಇಲ್ಲ ಸಾರ್” ಎಂದಳು. ಆಮೇಲೆ ಬಾಳಿಕೆಯ ಅಧ್ಯಾಯವನ್ನು ಯಾರೂ ತೆರೆಯಲಿಲ್ಲ. ಆ ಮೇಜಿನ ಈಚೆ ಕುಳಿತಿದ್ದ ನಾವೂ ತೆರೆಯಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಪದವಿಯೇನೋ ಆಕೆಗೆ ದೊರೆಯಿತು; ಆ ಅಧ್ಯಾಯ ಲೇಖನವಾಗಿ ಹೊರಬರಲೇ ಇಲ್ಲ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಂಧನ ಕೋಶದ ಪರೀಕ್ಷಾ ಸಜ್ಜು ಇರುವುದು ಅಪರೂಪ. ಬಿಲ್ಲೆಯ ವಿದ್ಯುದ್ವಾರ ಸಿಕ್ಕಿದರೇ ಪುಣ್ಯ. ಆದರೆ ಬಿಲ್ಲೆಯಿಂದಲೂ ಪ್ರಾಮಾಣಿಕವಾದ ಕೆಲಸ ಸಾಧ್ಯ. ಮಿತಿ ಪ್ರವಾಹದ ಅರ್ಧವನ್ನು ಬಹಳ ಮೀರದ ಸ್ಥಳದಲ್ಲಿ ಓದಬಹುದು; ವಾಡಿಕೆಯ ಪ್ಲಾಟಿನಂನ ಲೇಪನವನ್ನು ತನ್ನದಷ್ಟೇ ಅಕ್ಕರೆಯಿಂದ ಮಾಡಿ, ಅದರ ಸಂಖ್ಯೆಯನ್ನೂ ಪ್ರಕಟಿಸಬಹುದು; ಪ್ಲಾಟಿನಂ ಇಲ್ಲದ ಕ್ರಿಯಾವರ್ಧಕವನ್ನು ಪರೀಕ್ಷಿಸುವಾಗ ಎದುರು ವಿದ್ಯುದ್ವಾರಕ್ಕೆ ಪ್ಲಾಟಿನಂ ತಂತಿಯ ಬದಲು ಗ್ರಾಫೈಟ್ ಕಡ್ಡಿಯನ್ನಿಟ್ಟು, ತಂತಿಯಿಂದ ಕರಗಿದ ಪ್ಲಾಟಿನಂ ಮಾದರಿಯ ಮೇಲೆ ಕೂತು ಕೀರ್ತಿ ಗಳಿಸದಂತೆ ನೋಡಿಕೊಳ್ಳಬಹುದು. ಸಲ್ಫೋನೇಟ್ ಪಾಲಿಮರನ್ನು ಲೇಪನದಲ್ಲಿ ಹೆಚ್ಚು ಕಡಿಮೆ ಮಾಡಿ ಪಟುತ್ವ ಎಷ್ಟು ಬದಲಾಗುವುದೆಂದು ನೋಡುವುದಕ್ಕೆ ಒಂದು ಬೇಸಗೆಯ ರಜೆ ಸಾಕು. ಕೆಸರೆಯ ನೀರಿನಲ್ಲಿ ಕ್ಲಾರ್ಕನ ವಿದ್ಯುದ್ವಾರವನ್ನು ಮುಳುಗಿಸಿದರೆ ಬೇಗನೆ ಪೊರೆಯ ಮೇಲೆ ಲೋಳೆ ಕಟ್ಟಿ ಮುಳ್ಳು ಇಳಿಯುತ್ತದೆ. ಆಗ ಪ್ಲಾಟಿನಂ ಕೆಟ್ಟಿತೆಂದು ವಿದ್ಯಾರ್ಥಿಗಳು ವರದಿ ಮಾಡುತ್ತಾರೆ. ಪೊರೆಯನ್ನು ಒರಸಿ, ಗಾಳಿಯಲ್ಲಿ ಹಿಡಿದು, ಮತ್ತೊಮ್ಮೆ ಓದುವಂತೆ ನಾವು ಅವರಿಗೆ ಹೇಳುತ್ತೇವೆ.